ಈ ಚಿತ್ತಾರ ಯಾರು ಬರೆದದ್ದು?



ಸಾಗರ, ಸೊರಬ, ತೀರ್ಥಹಳ್ಳಿಯ ಕಡೆ ಈಗ ಹೋಂಸ್ಟೇ, ರೆಸಾರ್ಟುಗಳ ಬೋರ್ಡು ಇಲ್ಲದ ದಾರಿ ಕಡಿಮೆ. ಹಂಚಿನ ಮಾಡು, ಕಲ್ಲು ಹಾಸಿದ ಅಂಗಳ. ಒಳಗೆ ಕಾಲಿಟ್ಟರೆ ಕೆಮ್ಮಣ್ಣಿನ ಬಣ್ಣದ ಗೋಡೆಯ ಮೇಲೆ ಬಿಳಿ ಗೆರೆಗಳ ಚಿತ್ತಾರ. ಬಂದವರು ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ. 'ವಾರ್ಲಿ ಪೇಂಟಿಂಗ್ ಎಷ್ಟು ಚೆನ್ನಾಗಿದೆ' ಎಂದು ಮೆಚ್ಚುವವರೂ ಇದ್ದಾರೆ. ವಾರ್ಲಿ ಮಹಾರಾಷ್ಟ್ರದ್ದು. ಇದು ನಮ್ಮ ಮಲೆನಾಡಿನ ದೀವರ ಸಮುದಾಯದ ಹೆಂಗಸರ ಹಸೆ ಚಿತ್ತಾರ. ಹಾಗಂತ ಪ್ರವಾಸಿಗರನ್ನು ದೂರಿ ಫಲವಿಲ್ಲ. ಗೋಡೆಯ ಪಕ್ಕದಲ್ಲಿ ಅಂಗೈಯಗಲದ ಒಂದು ಚೀಟಿಯೂ ಇಲ್ಲದಿದ್ದರೆ ಅವರಿಗಾದರೂ ತಿಳಿಯುವುದು ಹೇಗೆ?

ಈ ಚಿತ್ತಾರ ಹುಟ್ಟಿದ್ದು ಮದುವೆ ಮನೆಯಲ್ಲಿ. ಮದುಮಕ್ಕಳು ಹಸೆಗೆ ಕೂರುವ ಜಾಗದ ಗೋಡೆಗೆ ಮೊದಲು ಕೆಮ್ಮಣ್ಣು ಬಳಿಯಬೇಕು. ಬಿಳಿಗೆ ಅಕ್ಕಿ ನೆನೆಸಿ ಅರೆಯಬೇಕು. ಕಪ್ಪಿಗೆ ಅದೇ ಅಕ್ಕಿಯನ್ನು ಕರಿಯಾಗುವವರೆಗೆ ಹುರಿಯಬೇಕು. ಹಳದಿಗೆ ಗುರಿಗೆ ಕಾಯಿ. ಕುಂಚವೆಂದರೆ ಪುಂಡಿ ನಾರಿನ ಸಣ್ಣ ಕಟ್ಟು. ಅದರಲ್ಲಿ ಎಳೆ ಎಳೆಯಾಗಿ ಗೆರೆ ಎಳೆಯುತ್ತ ಹೋದರೆ ಬಾಸಿಂಗ ಮೂಡುತ್ತದೆ, ದಂಡಿಗೆ ಮೂಡುತ್ತದೆ, ನಡುವೆ ಗೊಂಬೆಗಳಾಗಿ ಮದುಮಕ್ಕಳು ಬಂದು ನಿಲ್ಲುತ್ತಾರೆ. ಬರೆಯುವಾಗ ಬಾಯಲ್ಲಿ ಹಾಡೂ ಇರುತ್ತದೆ. ಬರೆಯುವವಳಿಗೆ ಚಿತ್ತಾರಗಿತ್ತಿ ಎಂದು ಹೆಸರು. ಭೂಮಿ ಹುಣ್ಣಿಮೆ ಬಂತೆಂದರೆ ಅವಳ ಕೈ ಬುಟ್ಟಿಯ ಮೇಲೆ ಓಡುತ್ತದೆ. ತೆನೆ ಕಟ್ಟುತ್ತಿರುವ ಗದ್ದೆಯನ್ನು ಬಸುರಿಯೆಂದು ತಿಳಿದು ಬಯಕೆಯ ಅಡುಗೆ ಹೊತ್ತೊಯ್ಯುವ ಬುಟ್ಟಿ ಅದು.

ಇಂಥ ಕಲೆ ಹೋಟೆಲಿನ ಗೋಡೆಗೆ ಬಂದರೆ ನನಗೇನೂ ಬೇಸರವಿಲ್ಲ. ಮಣ್ಣಿನ ಗೋಡೆಗಳೇ ಕಡಿಮೆಯಾದ ಕಾಲದಲ್ಲಿ, ಮದುವೆಗಳೆಲ್ಲ ಕಲ್ಯಾಣ ಮಂಟಪ ಸೇರಿದ ಮೇಲೆ, ಆ ಬೆರಳುಗಳಿಗೆ ಎಲ್ಲಾದರೂ ಕೆಲಸ ಬೇಕು. ಬಣ್ಣದಂಗಡಿಯ ಅಕ್ರಿಲಿಕ್ ಬಳಸಿದರೂ ದೊಡ್ಡ ತಕರಾರಿಲ್ಲ. ಅಕ್ಕಿ ಹಿಟ್ಟಿನ ಗೆರೆ ಮಲೆನಾಡಿನ ಮಳೆಗಾಲದ ತೇವಕ್ಕೆ ಬಾಳುವುದು ಕಷ್ಟ. ನನ್ನ ತಕರಾರು ಬೇರೆ. ಅದೇ ಹೋಟೆಲಿನಲ್ಲಿ ನೀರಿನ ಬಾಟಲಿಯ ಮೇಲೆ ಕಂಪನಿಯ ಹೆಸರಿದೆ, ಫ್ಯಾನಿನ ಮೇಲೆ ಇದೆ, ಸೋಪಿನ ಮೇಲೂ ಇದೆ. ಇಡೀ ಗೋಡೆ ತುಂಬಿಸಿದವಳ ಹೆಸರು ಮಾತ್ರ ಎಲ್ಲೂ ಇಲ್ಲ.

'ಜನಪದ ಕಲೆಗೆ ಹೆಸರು ಎಲ್ಲಿರುತ್ತದೆ? ಹಳ್ಳಿಯಲ್ಲೂ ಯಾರೂ ಸಹಿ ಹಾಕುತ್ತಿರಲಿಲ್ಲವಲ್ಲ' ಎಂದು ಕೆಲವರು ಕೇಳುತ್ತಾರೆ. ಹಳ್ಳಿಯಲ್ಲಿ ಸಹಿ ಬೇಕಾಗಿರಲಿಲ್ಲ. ಗೆರೆ ನೋಡಿಯೇ ಇದು ಇಂಥ ಮನೆಯ ಅತ್ತಿಗೆಯ ಕೈ ಎಂದು ಕೇರಿಗೆ ಕೇರಿಯೇ ಹೇಳುತ್ತಿತ್ತು. ದೆಹಲಿಯಿಂದ ಬಂದು ಒಂದು ರಾತ್ರಿ ತಂಗಿ ಹೋಗುವವರಿಗೆ ಆ ಅತ್ತಿಗೆಯ ಪರಿಚಯ ಮಾಡಿಸಬೇಕಾದವರು ಯಾರು?

ಕೆಲಸ ಮಾಡಿದವರ ಹೆಸರು ಬರೆಯುವುದು ಈ ನೆಲಕ್ಕೆ ಹೊಸದೂ ಅಲ್ಲ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇಗುಲದ ಮದನಿಕೆಯರನ್ನು ನೋಡಿ. ಕೆಲವು ಮೂರ್ತಿಗಳ ಕೆಳಗೆ ಕೆತ್ತಿದವರ ಹೆಸರಿದೆ: ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಜೊತೆಗೆ ಬಿರುದುಗಳನ್ನೂ ಕೆತ್ತಿದ್ದಾರೆ, ಸ್ವಲ್ಪ ಜಂಭದಿಂದಲೇ. ಇರಲಿ, ಆ ಕೈಗೆ ಜಂಭ ಒಪ್ಪುತ್ತದೆ. ಹದಿಮೂರನೇ ಶತಮಾನದ ಸೋಮನಾಥಪುರದ ದೇಗುಲಕ್ಕೆ ಬಂದರೆ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಎದುರಾಗುತ್ತದೆ. ಒಡೆಯನ ದೇಗುಲದಲ್ಲಿ ಕೂಲಿಗೆ ಬಂದ ರೂವಾರಿ ತನ್ನ ಹೆಸರು ಬರೆಯಬಹುದಿತ್ತು. ಬಳ್ಳಿಗಾವೆ ಇರುವುದು ಶಿಕಾರಿಪುರ ತಾಲ್ಲೂಕಿನಲ್ಲಿ, ಚಿತ್ತಾರಗಿತ್ತಿಯರ ನೆರೆಯಲ್ಲೇ.

ಹೋಟೆಲಿನವರು ಹೆಸರು ಬರೆಸುವುದನ್ನು ಧರ್ಮಕ್ಕೆ ಮಾಡಬೇಕಿಲ್ಲ, ಲಾಭವೂ ಇದೆ. ಫ್ರಾನ್ಸಿನ ದಕ್ಷಿಣದಲ್ಲಿ, ಸೇಂಟ್ ಪಾಲ್ ದ ವಾನ್ಸ್ ಎಂಬ ಗುಡ್ಡದ ಊರಿನಲ್ಲಿ 'ಲಾ ಕೊಲೋಂಬ್ ದೋರ್' ಎಂಬ ಹೋಟೆಲಿದೆ. ಪಾಲ್ ರೂ ಎಂಬ ರೈತ ಕುಟುಂಬದವನು 1920ರಲ್ಲಿ ಶುರು ಮಾಡಿದ ಸಣ್ಣ ಕೆಫೆ ಅದು. ಸುತ್ತಲಿನ ಊರುಗಳಲ್ಲಿ ನೆಲೆಸಿದ್ದ ಚಿತ್ರಕಾರರು ಊಟಕ್ಕೆ ಬಂದರು, ತಂಗಿದರು, ಗೋಡೆಗೊಂದು ಚಿತ್ರ ಕೊಟ್ಟರು. ಜಗಲಿಯ ಮೇಲೆ ಫೆರ್ನಾಂ ಲೆಜೆಯ ಭಿತ್ತಿಚಿತ್ರ, ಈಜುಕೊಳದ ಪಕ್ಕ ಕಾಲ್ಡರನ ಶಿಲ್ಪ ಇಂದಿಗೂ ಇವೆ. ಜನ ಅಲ್ಲಿಗೆ ಹೋಗುವುದೇ ಆ ಹೆಸರುಗಳಿಗಾಗಿ.

ಶಿಲ್ಪದ ಮಾತು ಬಂದದ್ದರಿಂದ ಇನ್ನೊಂದು. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಂಥ ಶಿಲ್ಪಿಗಳ ಊರುಗಳಿಂದ ಹೋಟೆಲಿನ ಬಾಗಿಲಿಗೆ ಕಲ್ಲಿನ ಗಣಪತಿ ತರಿಸುವುದು ಚೆಂದವೇ. ಆದರೆ ಕರಾವಳಿಯ ಕೆಲವೆಡೆ ಪಂಜುರ್ಲಿ ದೈವದ ಮೊಗವನ್ನು ಬಾರ್ ಕೌಂಟರಿನ ಹಿಂದೆ ತೂಗುಹಾಕುತ್ತಾರೆ. ಕೋಲದ ದಿನ ಊರಿನವರು ಕೈಮುಗಿಯುವ ಮೊಗ ಅದು. ಅದಕ್ಕೆ ಅಲ್ಲಿ ಜಾಗವಿಲ್ಲ.

ಹೋಂಸ್ಟೇ ನಡೆಸುವವರು ಈ ಮಾತು ಕೇಳುತ್ತಿದ್ದರೆ ನನ್ನ ಬೇಡಿಕೆ ಚಿಕ್ಕದು. ಚಿತ್ತಾರದ ಪಕ್ಕದಲ್ಲಿ ಬರೆದವರ ಹೆಸರು, ಊರು ಬರೆಸಿ. ಮುಂದಿನ ವರ್ಷ ಗೋಡೆ ಮಾಸಿದಾಗ ಪ್ರಿಂಟ್ ಮಾಡಿದ ಹಾಳೆ ಅಂಟಿಸಬೇಡಿ. ಅವರನ್ನೇ ಕರೆಸಿ, ಮಾತಾಡಿದ ಹಣವನ್ನು ಅಂದೇ ಕೊಡಿ. ಇನ್ನು ತಂಗಲು ಹೋಗುವ ನಾವು ನೀವು: ವೈಫೈ ಪಾಸ್‌ವರ್ಡ್ ಕೇಳುವ ಮೊದಲು ಕೌಂಟರಿನಲ್ಲಿ 'ಇದನ್ನು ಬರೆದವರು ಯಾರು, ಅವರ ಮನೆ ಎಲ್ಲಿ' ಎಂದು ಕೇಳೋಣ. ನಾಲ್ಕು ಜನ ಕೇಳಿದರೆ ಐದನೆಯವರು ಬರುವ ಹೊತ್ತಿಗೆ ಹೆಸರಿನ ಫಲಕ ಬಂದಿರುತ್ತದೆ.