ವರ್ಚುವಲ್ ಮಷೀನ್ ಏಳದಿದ್ದಾಗ: ಸ್ಟೋರೇಜ್ ಕಂಟ್ರೋಲರ್ ಬದಲಾವಣೆಯ ಕುರಿತು
(ಮೆಣಸಗಿಯಲ್ಲಿ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸದ ಬರಹರೂಪ)



ಕಂಪ್ಯೂಟರ್ ಕಲಿತವರ ಕೆಲಸವೆಂದರೆ ಪ್ರೋಗ್ರಾಂ ಬರೆಯುವುದೊಂದೇ ಎಂದು ನಮ್ಮ ಕಡೆ ಅನೇಕರು ತಿಳಿದಿದ್ದಾರೆ. ಬರೆದ ಪ್ರೋಗ್ರಾಂ ಓಡುವ ಯಂತ್ರವನ್ನು ಕಾಯುವವರೂ ಬೇಕು. ಕರ್ನಾಟಕದಲ್ಲಿ 2000ನೇ ಇಸವಿಯಲ್ಲಿ 'ಭೂಮಿ' ಯೋಜನೆ ಜಾರಿಗೆ ಬಂದ ಮೇಲೆ ಕೈಬರಹದ ಪಹಣಿ ಹೋಗಿ ಕಂಪ್ಯೂಟರಿನ ಪಹಣಿ ಬಂತು. ಅಂದಿನಿಂದ ಮೆಣಸಗಿಯ ರೈತನ ಬೆಳೆಸಾಲವೂ ಎಲ್ಲಿಯೋ ಇರುವ ಒಂದು ಸರ್ವರಿನ ಮೇಲೆ ನಿಂತಿದೆ. ಆ ಸರ್ವರು ಸೋಮವಾರ ಮುಂಜಾನೆ ಏಳದಿದ್ದರೆ ಸರದಿಯಲ್ಲಿ ನಿಂತವನ ದಿನದ ಕೂಲಿ ಹೋಯಿತೆಂದೇ ಅರ್ಥ. ಆದ್ದರಿಂದ ಸರ್ವರು ಏಳದಿರುವ ಒಂದು ಸಾಮಾನ್ಯ ಕಾರಣವನ್ನೂ ಅದರ ಪರಿಹಾರವನ್ನೂ ಇಂದು ತಿಳಿಸುತ್ತೇನೆ.

ಮೊದಲು ವರ್ಚುವಲ್ ಮಷೀನ್ ಎಂದರೇನು ನೋಡೋಣ. ಒಂದು ದೊಡ್ಡ ಯಂತ್ರದೊಳಗೆ ತಂತ್ರಾಂಶದಿಂದಲೇ ಹತ್ತಾರು ಕಂಪ್ಯೂಟರುಗಳನ್ನು ಸೃಷ್ಟಿಸುವುದು. ಪ್ರತಿಯೊಂದಕ್ಕೂ ತನ್ನದೇ ಡಿಸ್ಕ್ ಇದೆಯೆಂಬ ಭಾವನೆ. ವಾಸ್ತವದಲ್ಲಿ ಆ ಡಿಸ್ಕ್ ಒಂದು ಕಡತ ಮಾತ್ರ. ಆ ಡಿಸ್ಕ್‌ಗೂ ಯಂತ್ರಕ್ಕೂ ನಡುವೆ ಇರುವುದೇ ಸ್ಟೋರೇಜ್ ಕಂಟ್ರೋಲರ್. ಐಡಿಇ, ಸಾಟಾ, ಎಲ್‌ಎಸ್‌ಐ ಲಾಜಿಕ್, ವಿಎಂವೇರ್‌ನ ಪಿವಿಸ್ಕಸಿ, ಲಿನಕ್ಸ್ ಲೋಕದ ವರ್ಟಿಯೋ ಮುಂತಾಗಿ ಇದರಲ್ಲಿ ಹಲವು ಬಗೆ. ನಮ್ಮ ಹಿರಿಯರು ಜೋಳ ತುಂಬುತ್ತಿದ್ದ ಹಗೇವನ್ನು ನೆನೆಯಿರಿ. ಜೋಳವೇ ದತ್ತಾಂಶ, ಹಗೇವಿನ ಬಾಯಿಯೇ ಕಂಟ್ರೋಲರ್, ಆ ಬಾಯಿ ತೆರೆಯಬಲ್ಲ ಆಳೇ ಡ್ರೈವರ್.

ಈ ಕಂಟ್ರೋಲರನ್ನು ಬದಲಿಸುವ ಪ್ರಸಂಗ ಏಕೆ ಬರುತ್ತದೆ? ಒಂದು, ವೇಗಕ್ಕಾಗಿ. ಪಿವಿಸ್ಕಸಿ, ವರ್ಟಿಯೋಗಳು ವರ್ಚುವಲ್ ಯಂತ್ರಕ್ಕೆಂದೇ ರಚಿತವಾದವು. ಭಾರೀ ಓದು-ಬರಹವಿದ್ದಾಗ ಪ್ರೊಸೆಸರಿಗೆ ಹೊರೆ ಕಡಿಮೆ. ಎರಡು, ವಲಸೆಗಾಗಿ. 2023ರ ನವೆಂಬರಿನಲ್ಲಿ ವಿಎಂವೇರ್ ಕಂಪನಿಯನ್ನು ಬ್ರಾಡ್‌ಕಾಮ್ ಕೊಂಡಿತು. ಮರುತಿಂಗಳೇ ಶಾಶ್ವತ ಪರವಾನಗಿಯ ಮಾರಾಟ ನಿಂತು ಚಂದಾ ಪದ್ಧತಿ ಬಂತು. ಖರ್ಚು ತಾಳದೆ ಹಲವು ಸಂಸ್ಥೆಗಳು 2007ರಿಂದಲೂ ಲಿನಕ್ಸ್ ಕರ್ನೆಲ್‌ನಲ್ಲೇ ಇರುವ ಕೆವಿಎಂ ಆಧಾರಿತ ವ್ಯವಸ್ಥೆಗಳತ್ತ ಹೊರಳಿದವು. ಮನೆ ಬದಲಿಸಿದಾಗ ಬಾಗಿಲೂ ಬದಲಾಗಲೇಬೇಕಲ್ಲವೆ!

ತೊಂದರೆ ಹುಟ್ಟುವುದು ಹೀಗೆ. ಯಂತ್ರ ಚಾಲೂ ಆದಾಗ ಮೊದಲು ಬಯೋಸ್ ತಾನೇ ಡಿಸ್ಕ್ ಓದುತ್ತದೆ. ಆದ್ದರಿಂದ ಪರದೆಯ ಮೇಲೆ ವಿಂಡೋಸ್ ಗುರುತು ಕಾಣುತ್ತದೆ, ಎಲ್ಲ ಸರಿಯಿದೆ ಎನಿಸುತ್ತದೆ. ಬಳಿಕ ಕಾರ್ಯಾಚರಣ ವ್ಯವಸ್ಥೆ ಅಧಿಕಾರ ವಹಿಸಿಕೊಂಡು ತನ್ನ ಸ್ವಂತ ಡ್ರೈವರಿನಿಂದ ಡಿಸ್ಕ್ ತೆರೆಯಬೇಕು. ಹೊಸ ಕಂಟ್ರೋಲರಿನ ಡ್ರೈವರ್ ಅದೇ ಡಿಸ್ಕ್‌ನೊಳಗೆ ಇರಬಹುದು, ಆದರೆ ಅದನ್ನು ತೆಗೆಯಲು ಅದೇ ಡ್ರೈವರ್ ಬೇಕು. ಕೀಲಿಕೈ ಒಳಗಿಟ್ಟು ಬಾಗಿಲು ಹಾಕಿಕೊಂಡ ಸ್ಥಿತಿ ಇದು. ಆಗ ವಿಂಡೋಸ್ ನೀಲಿ ಪರದೆಯಲ್ಲಿ 7ಬಿ ಸಂಖ್ಯೆಯ ದೋಷ ತೋರಿಸಿ ನಿಲ್ಲುತ್ತದೆ. ಲಿನಕ್ಸ್ ಆದರೆ ಮೂಲ ಡಿಸ್ಕ್ ಸಿಗಲಿಲ್ಲವೆಂದು ತುರ್ತು ಪರದೆಗೆ ಬಂದು ಕೂಡುತ್ತದೆ.

ಇಂಥ ಹೊತ್ತಿನಲ್ಲಿ ಹೊಸಬರು ಗಾಬರಿಯಿಂದ ವಿಂಡೋಸನ್ನು ಮತ್ತೆ ಹಾಕಲು, ಡಿಸ್ಕ್ ಫಾರ್ಮ್ಯಾಟ್ ಮಾಡಲು ಹೊರಡುತ್ತಾರೆ. ಅದು ಸರ್ವಥಾ ಕೂಡದು. ಬಾಯಿ ತೆರೆಯಲಿಲ್ಲ ಎಂದ ಮಾತ್ರಕ್ಕೆ ಹಗೇವಿನ ಜೋಳ ಹಾಳಾಗಿಲ್ಲ. ಯಂತ್ರವನ್ನು ಆಫ್ ಮಾಡಿ, ಡಿಸ್ಕನ್ನು ಹಳೆಯ ಕಂಟ್ರೋಲರಿಗೇ ಜೋಡಿಸಿರಿ. ಬಹುಪಾಲು ಸಂದರ್ಭಗಳಲ್ಲಿ ಯಂತ್ರ ಮೊದಲಿನಂತೆ ಏಳುತ್ತದೆ. ಮೊದಲು ಸೇವೆ ನಡೆಯಲಿ, ಶೋಧನೆ ಆಮೇಲೆ.

ನಂತರ, ಯಂತ್ರ ಯಾವ ಹಂತದಲ್ಲಿ ನಿಂತಿತೆಂದು ನೋಡಿರಿ. ಹಂತಗಳು ಮೂರು.

ಮೊದಲನೆಯದು, ಕಾರ್ಯಾಚರಣ ವ್ಯವಸ್ಥೆಯೇ ಸಿಗಲಿಲ್ಲ ಎಂಬ ಸಂದೇಶ. ಇಲ್ಲಿ ಡ್ರೈವರಿನ ತಪ್ಪಿಲ್ಲ. ಹೊಸ ಕಂಟ್ರೋಲರ್ ಸೇರಿದಾಗ ಡಿಸ್ಕ್‌ಗಳ ಸರದಿ ಬದಲಾಗಿ ಬಯೋಸ್ ಬೇರೆ ಡಿಸ್ಕ್ ಹುಡುಕುತ್ತಿರಬಹುದು. ಬೂಟ್ ಕ್ರಮ ಸರಿಪಡಿಸಿರಿ. ಬಯೋಸ್ ಇದ್ದ ಯಂತ್ರವನ್ನು ಯುಇಎಫ್‌ಐಗೆ ಬದಲಿಸಿದ್ದರೂ ಇದೇ ಫಲ. ಹೈಪರ್-ವಿಯಲ್ಲಿ ಒಂದನೇ ತಲೆಮಾರಿನ ಯಂತ್ರ ಐಡಿಇ ಡಿಸ್ಕ್‌ನಿಂದ ಮಾತ್ರ ಏಳುತ್ತದೆ, ಸ್ಕಸಿಯಿಂದ ಏಳುವುದಿಲ್ಲ ಎಂಬುದೂ ನೆನಪಿರಲಿ.

ಎರಡನೆಯದು, 7ಬಿ ದೋಷ ಅಥವಾ ಲಿನಕ್ಸ್‌ನ ತುರ್ತು ಪರದೆ. ಇದು ಡ್ರೈವರಿನ ಕೊರತೆ. ವಿಂಡೋಸ್‌ಗೆ ಉಪಾಯ ಹೀಗಿದೆ. ಹಳೆಯ ಕಂಟ್ರೋಲರಿನ ಮೇಲೆ ಯಂತ್ರ ಎಬ್ಬಿಸಿ ಬೇಕಾದ ಡ್ರೈವರ್ ಹಾಕಿರಿ. ಪಿವಿಸ್ಕಸಿಯದು ವಿಎಂವೇರ್ ಟೂಲ್ಸ್ ಜೊತೆ ಬರುತ್ತದೆ, ವರ್ಟಿಯೋದ್ದು ವರ್ಟ್‌ಐಓ-ವಿನ್ ಎಂಬ ಐಎಸ್‌ಓ ಕಡತದಲ್ಲಿದೆ. ಬಳಿಕ 1 ಜಿಬಿಯ ಒಂದು ಖಾಲಿ ಡಿಸ್ಕನ್ನು ಹೊಸ ಕಂಟ್ರೋಲರಿಗೆ ಜೋಡಿಸಿ ಯಂತ್ರ ಚಾಲೂ ಮಾಡಿರಿ. ವಿಂಡೋಸ್ ಆ ಕಂಟ್ರೋಲರನ್ನು ಗುರುತಿಸಿ ಅದರ ಡ್ರೈವರನ್ನು ಬೂಟ್ ಸಮಯದ ಪಟ್ಟಿಗೆ ಸೇರಿಸಿಕೊಳ್ಳುತ್ತದೆ. ಡಿವೈಸ್ ಮ್ಯಾನೇಜರಿನಲ್ಲಿ ಅದು ಕಂಡ ಮೇಲೆ ಯಂತ್ರ ಆಫ್ ಮಾಡಿ, ಖಾಲಿ ಡಿಸ್ಕ್ ತೆಗೆದು, ಮೂಲ ಡಿಸ್ಕನ್ನು ಹೊಸ ಕಂಟ್ರೋಲರಿಗೆ ವರ್ಗಾಯಿಸಿರಿ.

ಲಿನಕ್ಸ್‌ನಲ್ಲಿ ಬೂಟ್‌ಗೆ ಬೇಕಾದ ಡ್ರೈವರುಗಳು ಇನಿಟ್‌ರಾಮ್‌ಎಫ್‌ಎಸ್ ಎಂಬ ಸಣ್ಣ ಗಂಟಿನಲ್ಲಿರುತ್ತವೆ. ರೆಡ್ ಹ್ಯಾಟ್ ಬಳಗದಲ್ಲಿ ಆ ಗಂಟು ಸದ್ಯದ ಯಂತ್ರಕ್ಕೆ ಬೇಕಾದಷ್ಟನ್ನೇ ಕಟ್ಟಿಕೊಂಡಿರುತ್ತದೆ. ಹಳೆಯ ಕಂಟ್ರೋಲರಿನ ಮೇಲಿರುವಾಗಲೇ ಡ್ರಾಕಟ್ ಆಜ್ಞೆಯಿಂದ ಹೊಸ ಡ್ರೈವರ್ ಸೇರಿಸಿ ಗಂಟನ್ನು ಮತ್ತೆ ಕಟ್ಟಿರಿ. ಮರೆತಿದ್ದರೆ ಬೂಟ್ ಪಟ್ಟಿಯಲ್ಲಿರುವ ರೆಸ್ಕ್ಯೂ ಸಾಲು ಆರಿಸಿರಿ. ಅದರ ಗಂಟಿನಲ್ಲಿ ಎಲ್ಲ ಬಗೆಯ ಡ್ರೈವರುಗಳೂ ಇರುತ್ತವೆ. ಡೆಬಿಯನ್, ಉಬುಂಟುಗಳು ಸಾಮಾನ್ಯವಾಗಿ ಹೆಚ್ಚಿನ ಡ್ರೈವರುಗಳನ್ನು ಮೊದಲೇ ಕಟ್ಟಿಕೊಂಡಿರುವುದರಿಂದ ಅಲ್ಲಿ ತೊಂದರೆ ಕಡಿಮೆ.

ಮೂರನೆಯದು, ಯಂತ್ರ ಎದ್ದಿತು, ಆದರೆ ಕೆಲವು ಡಿಸ್ಕ್ ಕಾಣೆ. ವಿಂಡೋಸ್ ಸರ್ವರ್ ಹೊಸ ದಾರಿಯಿಂದ ಬಂದ ಡಿಸ್ಕನ್ನು ಆಫ್‌ಲೈನ್ ಇಟ್ಟಿರಬಹುದು. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಆನ್‌ಲೈನ್ ಮಾಡಿದರೆ ಸಾಕು. ಲಿನಕ್ಸ್‌ನಲ್ಲಿ ಎಸ್‌ಡಿಎ ಎಂಬ ಹೆಸರು ವರ್ಟಿಯೋ ಬಂದೊಡನೆ ವಿಡಿಎ ಆಗಬಹುದು. ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಹಳೆಯ ಹೆಸರಿದ್ದರೆ ಡಿಸ್ಕ್ ಸಿಗದು. ಅಲ್ಲಿ ಯಾವಾಗಲೂ ಯುಯುಐಡಿ ಬರೆಯಿರಿ. ಹೊಲದ ದಾರಿ ಬದಲಾದರೂ ಪಹಣಿಯಲ್ಲಿನ ಸರ್ವೆ ನಂಬರು ಬದಲಾಗುವುದಿಲ್ಲವಲ್ಲ, ಹಾಗೆ.

ಕೆಲಸಕ್ಕೆ ಕೈಹಾಕುವ ಮುನ್ನ ನಾಲ್ಕು ನಿಯಮ ಪಾಲಿಸಿರಿ. ಪೂರ್ಣ ಬ್ಯಾಕಪ್ ತೆಗೆದು, ಅದು ಮರಳಿ ಬರುತ್ತದೆಯೇ ಎಂದು ಪರೀಕ್ಷಿಸಿರಿ. ಬಿಟ್‌ಲಾಕರ್ ಇದ್ದರೆ ತಾತ್ಕಾಲಿಕವಾಗಿ ತಡೆಹಿಡಿದು, ರಿಕವರಿ ಕೀ ಕೈಯಲ್ಲಿಟ್ಟುಕೊಳ್ಳಿರಿ. ಹಳೆಯ ಕಂಟ್ರೋಲರಿನ ವಿವರ ಕಾಗದದ ಮೇಲೆ ಬರೆದಿಡಿರಿ. ಮೊದಲು ಪ್ರತಿಯ ಮೇಲೆ ಪ್ರಯೋಗ ಮಾಡಿ, ಬಳಿಕ ಮೂಲವನ್ನು ಮುಟ್ಟಿರಿ.

ವಿದ್ಯಾರ್ಥಿ ಮಿತ್ರರೆ, ಇದನ್ನು ಕಲಿಯಲು ಬೆಂಗಳೂರಿನ ದುಬಾರಿ ತರಬೇತಿಯೇ ಬೇಕೆಂದಿಲ್ಲ. 8 ಜಿಬಿ ನೆನಪಿನ ಒಂದು ಸಾಧಾರಣ ಕಂಪ್ಯೂಟರ್ ಸಾಕು. ವರ್ಚುವಲ್‌ಬಾಕ್ಸ್ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಡೆಬಿಯನ್ ಹಾಕಿ, ಕಂಟ್ರೋಲರನ್ನು ಸಾಟಾದಿಂದ ವರ್ಟಿಯೋಗೆ, ಮತ್ತೆ ಐಡಿಇಗೆ ಬದಲಿಸಿ ನೋಡಿರಿ. ಬೇಕೆಂದೇ ಕೆಡಿಸಿರಿ, ಕಾರಣ ಹುಡುಕಿ ಸರಿಪಡಿಸಿರಿ, ನೋಟ್‌ಬುಕ್ಕಿನಲ್ಲಿ ಬರೆಯಿರಿ. ಅಲ್ಲಿ ಕೆಟ್ಟರೆ ಯಾರಿಗೂ ನಷ್ಟವಿಲ್ಲ. ನಾಳೆ ನೌಕರಿಯ ಸಂದರ್ಶನದಲ್ಲಿ ಸರ್ಟಿಫಿಕೇಟಿಗಿಂತ ಆ ನೋಟ್‌ಬುಕ್ಕು ಹೆಚ್ಚು ಮಾತನಾಡೀತು.

ಆಸ್ಪತ್ರೆಯ ದಾಖಲೆ, ಸಹಕಾರಿ ಸಂಘದ ಲೆಕ್ಕ, ಶಾಲೆಯ ಅಂಕಪಟ್ಟಿ ಇವೆಲ್ಲ ಜನರು ನಮ್ಮನ್ನು ನಂಬಿ ಕೊಟ್ಟವು. ಅವುಗಳನ್ನು ಕಾಯುವವನಿಗೆ ಚುರುಕು ಕೈಗಿಂತ ಮೊದಲು ತಾಳ್ಮೆ ಬೇಕು. ಆ ತಾಳ್ಮೆಯನ್ನು ಈಗಿನಿಂದಲೇ ರೂಢಿಸಿಕೊಳ್ಳಿರಿ.