ಅಗ್ಗದ ಫೋನು, ತಕ್ಕ ಸಿಮ್: ಆರಿಸುವ ಬಗೆ

(ರೈತ ತರಬೇತಿ ಶಿಬಿರವೊಂದರಲ್ಲಿ ನೀಡಿದ ಭಾಷಣದ ಪಾಠ)



ಬೀಜ ಕೊಳ್ಳುವಾಗ ರೈತನು ಮೊದಲು ತನ್ನ ಭೂಮಿಯನ್ನು ನೋಡುತ್ತಾನೆ, ಆಮೇಲೆ ತಳಿಯನ್ನು ಆರಿಸುತ್ತಾನೆ. ಮೊಬೈಲ್ ಕೊಳ್ಳುವಾಗ ಮಾತ್ರ ಈ ಕ್ರಮ ತಲೆಕೆಳಗಾಗುತ್ತದೆ. ಸಂತೆಯ ದಿನ ಪೇಟೆಯಲ್ಲಿ ಕಡಿಮೆ ಬೆಲೆಗೆ ಚೆಂದದ ಸೆಟ್ಟು ಕಾಣುತ್ತದೆ; ಅಂಗಡಿಯವರು ಕೊಟ್ಟ ಸಿಮ್ ಹಾಕಿಸಿಕೊಂಡು ಊರಿಗೆ ಬಂದ ಮೇಲೆ ತೋಟದ ಮನೆಯಲ್ಲಿ ಸಿಗ್ನಲ್ಲೇ ಇಲ್ಲವೆಂಬುದು ತಿಳಿಯುತ್ತದೆ. ಮೊದಲು ನೆಟ್‌ವರ್ಕ್, ನಂತರ ಸಿಮ್, ಕೊನೆಗೆ ಫೋನು ಎಂಬ ಕ್ರಮದಲ್ಲಿ ಹೋದರೆ ದುಡ್ಡು ಉಳಿಯುತ್ತದೆ.

ಫೋನಿನ ಸಂಖ್ಯೆ ಇಂದು ಬರೀ ಮಾತಿಗೆ ಇರುವುದಲ್ಲ. ಬ್ಯಾಂಕಿನ ಖಾತೆ, ಆಧಾರ್, ಪಿಎಂ ಕಿಸಾನ್, ಫ್ರೂಟ್ಸ್ ನೋಂದಣಿ ಇವೆಲ್ಲ ಅದಕ್ಕೆ ಜೋಡಣೆಯಾಗಿವೆ. ಒಟಿಪಿ ಬರುವುದು ಆ ಸಂಖ್ಯೆಗೇ. ಆದುದರಿಂದ ಅಗ್ಗವೆಂದು ವರ್ಷಕ್ಕೊಂದು ಹೊಸ ಸಿಮ್ ಕೊಂಡು ಹಳೆಯದನ್ನು ಎಸೆಯುವ ಪದ್ಧತಿಯನ್ನು ಕೂಡಲೇ ಬಿಡತಕ್ಕದ್ದು.

ಯಾವ ಕಂಪನಿಯ ನೆಟ್‌ವರ್ಕ್ ಒಳ್ಳೆಯದು ಎಂಬ ಪ್ರಶ್ನೆಗೆ ರಾಜ್ಯಕ್ಕೆಲ್ಲ ಒಂದೇ ಉತ್ತರವಿಲ್ಲ. ಬಯಲುಸೀಮೆಯ ಬಯಲಿನಲ್ಲಿ ದೂರದ ಟವರ್ ಸಹ ಸಿಗಬಹುದು. ಮಲೆನಾಡಿನಲ್ಲಿ ಗುಡ್ಡ ಅಡ್ಡ ಬಂದರೆ ಹತ್ತಿರದ ಟವರ್ ಕೂಡ ಸಿಗದು. 700, 850 ಅಥವಾ 900 ಮೆಗಾಹರ್ಟ್ಸ್‌ನಂಥ ಕೆಳ ತರಂಗಗಳು ದೂರ ಹೋಗುತ್ತವೆ, ಗೋಡೆಯೊಳಕ್ಕೂ ನುಗ್ಗುತ್ತವೆ; 2300ರ ತರಂಗ ಅಷ್ಟು ದೂರ ಹೋಗದು. ಈ ಲೆಕ್ಕವೆಲ್ಲ ರೈತನಿಗೆ ಬೇಕಿಲ್ಲ. ನೆರೆಹೊರೆಯವರ ಬೇರೆ ಬೇರೆ ಕಂಪನಿಯ ಫೋನುಗಳನ್ನು ಕರೆದೊಯ್ದಂತೆ ಜೊತೆಗೊಯ್ದು, ಪಂಪಿನ ಮನೆಯಲ್ಲಿ, ಕೊಟ್ಟಿಗೆಯಲ್ಲಿ, ಅಡಿಗೆಮನೆಯಲ್ಲಿ ನಿಂತು ಕರೆ ಮಾಡಿ ನೋಡಿದರೆ ಸಾಕು. ಸಂಜೆ 7ರಿಂದ 9ರವರೆಗೆ ಎಲ್ಲರೂ ಫೋನು ಹಿಡಿದಿರುವ ಹೊತ್ತಿನಲ್ಲಿ ಇನ್ನೊಮ್ಮೆ ನೋಡಬೇಕು. ಪರದೆಯ ಮೇಲೆ ಕಡ್ಡಿ ತುಂಬಿದ್ದರೂ ಮಾತು ಕತ್ತರಿಸಿ ಬರುವುದುಂಟು. ಕಡ್ಡಿಗಿಂತ ಕಿವಿಯನ್ನು ನಂಬುವುದು ಮೇಲು.

ಈಗ ಸೆಟ್ಟಿನ ವಿಷಯ. ಜಿಯೋ ಸಂಸ್ಥೆಯು 2016ರಲ್ಲಿ 4ಜಿ ಸೇವೆಯಿಂದಲೇ ಆರಂಭವಾಯಿತು. ಅದರಲ್ಲಿ 2ಜಿ ಇಲ್ಲ. ಹಳೆಯ 2ಜಿ ಬಟನ್ ಸೆಟ್ಟಿಗೆ ಅದರ ಸಿಮ್ ಹಾಕಿದರೆ ಕರೆಯೇ ಹೋಗುವುದಿಲ್ಲ. ಏರ್‌ಟೆಲ್, ವಿ ಮತ್ತು ಬಿಎಸ್‌ಎನ್‌ಎಲ್‌ಗಳಲ್ಲಿ 2ಜಿ ಇದೆ. ಹೊಸದಾಗಿ ಕೊಳ್ಳುವವರು 4ಜಿ ವೋಲ್ಟಿ ಎಂದು ಡಬ್ಬಿಯ ಮೇಲೆ ಬರೆದಿರುವ ಬಟನ್ ಸೆಟ್ಟನ್ನೇ ಕೊಳ್ಳುವುದು ಸೂಕ್ತ. 2ಜಿ ಸೆಟ್ಟಿಗಿಂತ ಸ್ವಲ್ಪ ಹೆಚ್ಚು ಬೆಲೆಯಾದರೂ ಯಾವ ಕಂಪನಿಯ ಸಿಮ್ಮಿಗೂ ಹೊಂದುತ್ತದೆ. ಇದಕ್ಕೂ ಒಂದು ಅಪವಾದವುಂಟು. 2023ರ ಜುಲೈನಲ್ಲಿ 999 ರೂಪಾಯಿಗೆ ಬಂದ ಜಿಯೋಭಾರತ್‌ನಂಥ ಸೆಟ್ಟುಗಳು ಅದೇ ಕಂಪನಿಯ ಸಿಮ್ಮಿಗೆ ಬೀಗ ಹಾಕಿದಂಥವು. ಆ ನೆಟ್‌ವರ್ಕ್ ಊರಲ್ಲಿ ಚೆನ್ನಾಗಿದ್ದರೆ ಅದು ಲಾಭವೇ. ಇಲ್ಲದಿದ್ದರೆ ಸೆಟ್ಟು ಆಟದ ಸಾಮಾನು.

ಕೊಳವೆಬಾವಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದವರು ಇದನ್ನು ವಿಶೇಷವಾಗಿ ಗಮನಿಸಬೇಕು. ಅಂಥ ಬಹಳಷ್ಟು ಸ್ಟಾರ್ಟರ್‌ಗಳು 2ಜಿ ಸಿಮ್‌ನಿಂದಲೇ ನಡೆಯುತ್ತವೆ. ಮನೆಯಲ್ಲಿ ಉಳಿದಿರುವ 4ಜಿ-ಮಾತ್ರದ ಸಿಮ್ ತೆಗೆದು ಅದಕ್ಕೆ ಹಾಕಿದರೆ ಮೋಟರ್ ಏಳುವುದಿಲ್ಲ, ದೋಷ ಮೋಟರಿನದೆಂದು ಮೆಕ್ಯಾನಿಕ್‌ನನ್ನು ಕರೆಸಿದ್ದೇ ಖರ್ಚು. ಸ್ಟಾರ್ಟರ್‌ನ ಸಿಮ್ಮಿಗೂ ಕರೆನ್ಸಿ ಮುಗಿಯುತ್ತದೆಂಬುದನ್ನು ಮಳೆಗಾಲದಲ್ಲಿ ಮರೆಯುವುದು ಸಾಮಾನ್ಯ.

ಸ್ಮಾರ್ಟ್‌ಫೋನು ಪ್ರತಿಯೊಬ್ಬರಿಗೂ ಬೇಕೆ? ಮನೆಗೊಂದು ಸಾಕು. 2020ರಿಂದ ರೈತರೇ ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ತಮ್ಮ ಹೊಲದ ಫೋಟೋ ತೆಗೆದು ವಿವರ ತುಂಬುವ ಅವಕಾಶ ಬಂದಿದೆ. ಹವಾಮಾನ, ಮಾರುಕಟ್ಟೆ ಧಾರಣೆಗಳಿಗೂ ಅದು ಉಪಯುಕ್ತ. ಆದರೆ ವಾಟ್ಸಾಪ್‌ನಲ್ಲಿ ಪಿಎಂ ಕಿಸಾನ್ ಹೆಸರು ಹೇಳಿಕೊಂಡು ಬರುವ ಕಳ್ಳ ಫೈಲುಗಳನ್ನು ಒತ್ತಿ ಹಣ ಕಳೆದುಕೊಂಡವರಿದ್ದಾರೆ. ಫೋನಿನಲ್ಲಿ ಹಣ ಕಳಿಸುವ ಅಭ್ಯಾಸವಿಲ್ಲದ ಹಿರಿಯರು ಬ್ಯಾಂಕಿಗೆ ಜೋಡಿಸಿದ ಸಿಮ್ಮನ್ನು ಬಟನ್ ಸೆಟ್ಟಿನಲ್ಲಿ ಇಟ್ಟುಕೊಳ್ಳುವುದೇ ಕ್ಷೇಮ.

ಕರೆನ್ಸಿಯ ಲೆಕ್ಕದಲ್ಲಿ ಮೋಸ ಹೋಗುವುದು ದಿನಗಳಲ್ಲಿ. 28 ದಿನದ ಪ್ಲಾನನ್ನು ತಿಂಗಳಿನದೆಂದು ಭಾವಿಸಿದರೆ ವರ್ಷಕ್ಕೆ 12 ಅಲ್ಲ, 13 ಬಾರಿ ಹಾಕಿಸಬೇಕಾಗುತ್ತದೆ. 84 ದಿನದ ಪ್ಲಾನು ನಾಲ್ಕು ಸಲ ಹಾಕಿಸಿದರೆ 336 ದಿನ. ಇನ್ನೂ 29 ದಿನ ಉಳಿಯಿತು. ಬೆಲೆಯನ್ನು ದಿನಗಳಿಂದ ಭಾಗಿಸಿ, ದಿನವೊಂದಕ್ಕೆ ಎಷ್ಟು ಬಿತ್ತೆಂದು ನೋಡಿಯೇ ಪ್ಲಾನುಗಳನ್ನು ಹೋಲಿಸಬೇಕು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2022ರಲ್ಲಿ, ಪ್ರತಿ ಕಂಪನಿಯೂ 30 ದಿನದ ಪ್ಲಾನನ್ನೂ ಇಡಬೇಕೆಂದು ವಿಧಿಸಿತು. 2024ರ ಡಿಸೆಂಬರ್‌ನಲ್ಲಿ ಇನ್ನೂ ಮುಂದೆ ಹೋಗಿ, ಇಂಟರ್ನೆಟ್ ಇಲ್ಲದೆ ಮಾತು ಮತ್ತು ಎಸ್‌ಎಂಎಸ್‌ಗೆ ಮಾತ್ರ ಸಲ್ಲುವ ಪ್ಲಾನು ಇರಬೇಕೆಂದಿತು, ಗರಿಷ್ಠ ಅವಧಿಯನ್ನು 365 ದಿನಕ್ಕೆ ಏರಿಸಿತು. ಬಟನ್ ಸೆಟ್ಟಿನವರು ಅಂಗಡಿಯಲ್ಲಿ ಇದನ್ನು ಹೆಸರು ಹೇಳಿ ಕೇಳಬೇಕು. ಕೇಳದಿದ್ದರೆ ಡಾಟಾ ಸಮೇತದ ಪ್ಲಾನನ್ನೇ ಹಾಕಿಬಿಡುತ್ತಾರೆ. ಸುಗ್ಗಿಯಲ್ಲಿ ಕೈಯಲ್ಲಿ ದುಡ್ಡಿರುವಾಗ ವರ್ಷದ ಪ್ಲಾನು ಹಾಕಿಸಿದರೆ ಬೇಸಗೆಯಲ್ಲಿ ಚಿಂತೆಯಿಲ್ಲ.

ಕರೆನ್ಸಿ ಹಾಕಿಸದೆ, ಬಳಸದೆ ಬಿಟ್ಟರೆ ಏನಾಗುತ್ತದೆ? ಒಂದು ಕಾಲದ 'ಲೈಫ್‌ಟೈಮ್' ಸಿಮ್ಮುಗಳ ನಂಬಿಕೆ ಈಗ ನಡೆಯದು. 2018ರ ಕೊನೆಯಿಂದ ಕಂಪನಿಗಳು ಕನಿಷ್ಠ ರೀಚಾರ್ಜನ್ನು ಜಾರಿಗೆ ತಂದವು. 90 ದಿನ ಯಾವ ಬಳಕೆಯೂ ಇಲ್ಲದ ಸಂಖ್ಯೆಯನ್ನು ನಿಲ್ಲಿಸಬಹುದು. ನಿಂತ ಸಂಖ್ಯೆಯನ್ನು ಮತ್ತೆ 90 ದಿನ ಯಾರಿಗೂ ಕೊಡುವುದಿಲ್ಲವೆಂದು ಟ್ರಾಯ್ 2023ರಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿದೆ. ಅಂದರೆ ಆಮೇಲೆ ಅದು ಬೇರೊಬ್ಬರ ಪಾಲಾಗಬಹುದು, ಬ್ಯಾಂಕಿನ ಸಂದೇಶವೂ ಅವರಿಗೇ ಹೋಗುತ್ತದೆ. ಸಾಲದ ಕಂತು, ಪರಿಹಾರದ ಹಣ ಎಂದು ಕಾಯುವವನು ಬ್ಯಾಂಕು, ಆಧಾರ್ ಕೇಂದ್ರ, ರೈತ ಸಂಪರ್ಕ ಕೇಂದ್ರವೆಂದು ಅಲೆಯಬೇಕಾಗುತ್ತದೆ.

ನೆಟ್‌ವರ್ಕ್ ಸರಿಯಿಲ್ಲದಿದ್ದರೆ ಸಂಖ್ಯೆ ಬಿಡದೆ ಕಂಪನಿ ಮಾತ್ರ ಬದಲಿಸಬಹುದು. ಈ ಸೌಲಭ್ಯ 2011ರ ಜನವರಿಯಿಂದ ದೇಶದಾದ್ಯಂತ ಇದೆ. ಇಂಗ್ಲಿಷ್ ಅಕ್ಷರದಲ್ಲಿ 'ಪೋರ್ಟ್' ಎಂದು ಬರೆದು, ಜಾಗ ಬಿಟ್ಟು, ಹತ್ತು ಅಂಕಿಯ ತಮ್ಮ ಸಂಖ್ಯೆ ಬರೆದು 1900ಕ್ಕೆ ಎಸ್‌ಎಂಎಸ್ ಕಳಿಸಿದರೆ ಒಂದು ಕೋಡ್ ಬರುತ್ತದೆ. ಅದು 4 ದಿನ ಮಾತ್ರ ಸಲ್ಲುತ್ತದೆ. ಹಳೆಯ ಸಿಮ್ಮಿನಲ್ಲಿ ಉಳಿದ ಕರೆನ್ಸಿ ಹೊಸದಕ್ಕೆ ಬಾರದು. ಪ್ಲಾನು ಮುಗಿಯುವ ಹೊತ್ತಿಗೆ ಬದಲಿಸುವುದು ಜಾಣತನ. ಕೊಂಡು 90 ದಿನವಾಗದ ಸಂಖ್ಯೆಗೆ ಇದು ಸಲ್ಲದು.

ಸಿಮ್ ಕೊಳ್ಳುವಾಗ ಯಂತ್ರದ ಮೇಲೆ ಹೆಬ್ಬೆಟ್ಟು 'ಸರಿಯಾಗಿ ಬೀಳಲಿಲ್ಲ' ಎಂದು ಎರಡನೆಯ ಸಲ ಒತ್ತಿಸಿದರೆ ಏಕೆಂದು ಕೇಳಬೇಕು. ಅದೇ ಹೆಬ್ಬೆಟ್ಟಿನಿಂದ ಇನ್ನೊಂದು ಸಿಮ್ ತೆಗೆದು ಮಾರಿದ ಪ್ರಕರಣಗಳುಂಟು. ತಮ್ಮ ಹೆಸರಿನಲ್ಲಿ ಎಷ್ಟು ಸಿಮ್ಮುಗಳಿವೆ ಎಂಬುದನ್ನು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ನೋಡಬಹುದು. ನಮ್ಮ ರಾಜ್ಯದಲ್ಲಿ ಒಬ್ಬರಿಗೆ 9ರ ಮಿತಿ. ಹಳೆಯ ಸೆಟ್ಟು ಕೊಳ್ಳುವವರು ಸ್ಟಾರ್, ಹ್ಯಾಷ್, 06, ಹ್ಯಾಷ್ ಒತ್ತಿ ಬರುವ 15 ಅಂಕಿಯ ಐಎಂಇಐ ಸಂಖ್ಯೆಯನ್ನು ಅದೇ ತಾಣದಲ್ಲಿ ಪರೀಕ್ಷಿಸಬೇಕು; ಕಳವಿನ ಸೆಟ್ಟಾದರೆ ಅಲ್ಲಿ ತಿಳಿಯುತ್ತದೆ. ಅಂಗಡಿಯಲ್ಲಿಯೇ ಕನ್ನಡದ ಎಸ್‌ಎಂಎಸ್ ಒಂದನ್ನು ತರಿಸಿ, ಅಕ್ಷರ ಮೂಡುವುದೇ ಅಥವಾ ಬರೀ ಚೌಕಗಳು ಕಾಣುವುವೇ ಎಂದು ನೋಡಿಕೊಳ್ಳಬೇಕು. ಬ್ಯಾಟರಿ ಬಿಚ್ಚಿ ಬದಲಿಸಲು ಬರುವಂಥ, ತಾಲ್ಲೂಕು ಪೇಟೆಯಲ್ಲಿ ಸಿಗುವಂಥದಾಗಿರಲಿ.

ಸಿಮ್ ಚಾಲೂ ಆದ ಮೇಲೆ ಮೊದಲ ಕರೆಯನ್ನು ಹೊಲದಲ್ಲಿ ನಿಂತು ಕಿಸಾನ್ ಕಾಲ್ ಸೆಂಟರ್‌ನ 1800-180-1551ಕ್ಕೆ ಮಾಡಿ ನೋಡಬಹುದು. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಕನ್ನಡದಲ್ಲಿಯೇ ಉತ್ತರ ದೊರೆಯುತ್ತದೆ, ಕರೆಗೆ ಶುಲ್ಕವಿಲ್ಲ, ಬಟನ್ ಸೆಟ್ಟೇ ಸಾಕು.