ಜೇನಪೆಟ್ಟಿಗೆಗೆ ಪುಡಿಗಿಂತ ಗಾಳಿ ಮೇಲು



ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಸೂರ್ಯಕಾಂತಿ ಚಲೋ ಕಾಳು ಕಟ್ಟಬೇಕಂದ್ರ ಜೇನುಹುಳ ಬೇಕು. ಅದಕ್ಕೆ ಬರುವ ಬೂಷ್ಟಿನ ರೋಗಕ್ಕೆ ಚಾಕ್‌ಬ್ರೂಡ್ ಅಂತಾರ. ಮರಿಹುಳು ಸತ್ತು ಸೀಮೆಸುಣ್ಣದಂತೆ ಗಟ್ಟಿಯಾಗುತ್ತದೆ. ಪೆಟ್ಟಿಗೆ ಮುಂದೆ ಬಿಳಿ, ಕರಿ ತುಂಡು ಬಿದ್ದಿರುತ್ತವೆ.

ಬ್ರೆಡ್ಡು ಬೂಷ್ಟು ಹಿಡಿಯದಂತೆ ಹಾಕುವ ಸೋಡಿಯಂ ಪ್ರೊಪಿಯೊನೇಟ್, ಸಾರ್ಬಿಕ್ ಆಮ್ಲಗಳನ್ನು 1970ರ ದಶಕದಲ್ಲಿ ಅಮೆರಿಕದಲ್ಲಿ ಇದಕ್ಕೆ ಪ್ರಯೋಗಿಸಿದ್ದರು. ಆದರೆ ಇಂದಿಗೂ ಅದು ಖಾತ್ರಿ ಔಷಧವಾಗಿಲ್ಲ; ಅಳತೆ ತಪ್ಪಿದರೆ ಹುಳಕ್ಕೇ ಕುತ್ತು. 1991-92ರಲ್ಲಿ ನಮ್ಮ ರಾಜ್ಯದ ತುಡುವೆ ಜೇನನ್ನು ನೆಲಕಚ್ಚಿಸಿದ ಥಾಯ್ ಸ್ಯಾಕ್‌ಬ್ರೂಡ್ ಬೇರೆ. ಅದು ವೈರಸ್ ರೋಗ, ಮರಿ ನೀರು ತುಂಬಿದ ಚೀಲದಂತಾಗುತ್ತದೆ. ಅದಕ್ಕೆ ಈ ಪುಡಿ ಏನೂ ಮಾಡದು.

ಬೂಷ್ಟಿಗೆ ತೇವವೇ ತವರು. ಕಾಲುವೆ ನೀರಿನ ಕಬ್ಬಿನ ಹೊಲದಾಗ ಪೆಟ್ಟಿಗೆ ನೆಲಕ್ಕೆ ಇಡಬ್ಯಾಡ್ರಿ. ಸ್ಟ್ಯಾಂಡಿನ ಮೇಲೆ, ಮುಂದಕ್ಕೆ ತುಸು ಬಾಗಿಸಿ, ಗಾಳಿ ಆಡುವಲ್ಲಿ ಇಡ್ರಿ. ರೋಗದ ಹಳೆ ಹುಟ್ಟಿ ತೆಗೆದು ಸುಟ್ಟುಬಿಡ್ರಿ. ಬೂಷ್ಟಿನ ಬೀಜ ಅದರಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ.

ಡೇರಿಯ ಕ್ಯಾನಿಗೆ ಒಬ್ಬ ಹುಳಿಹಾಲು ಸುರಿದರೆ ಎಲ್ಲರ ಹಾಲೂ ಕೆಡುತ್ತದೆ. ಜೇನುತುಪ್ಪವೂ ಹಂಗೇ. ಒಬ್ಬರ ಪುಡಿ ಊರಿನ ಹೆಸರು ಕೆಡಿಸಬಾರದು.